ಕಾರಣದ ಕಾಲಂ

ಶಿಡ್ಲಘಟ್ಟದ ಬ್ಯಾಂಕಿನ ಆ ಪುಟ್ಟ ಕಪ್ಪು ಯಂತ್ರಕ್ಕೆ
ನಮ್ಮ ಹೆಬ್ಬೆಟ್ಟು ಓದಲು ಬರುವುದಿಲ್ಲ.
ಒರೆಸಿ ಇಡಿ, ಅಂದ ಹುಡುಗ. ಒರೆಸಿ ಇಟ್ಟೆವು.
ಎಡಗೈ ಇಡಿ, ಅಂದ. ಇಟ್ಟೆವು.
ಕುದಿನೀರಲ್ಲಿ ಗೂಡು ತಡಕಿ ತಡಕಿ
ಇಪ್ಪತ್ತು ವರ್ಷದಲ್ಲಿ ಗೆರೆಗಳೆಲ್ಲ
ಯಾರದೋ ಸೀರೆಯ ಅಂಚಿಗೆ ಹೋಗಿವೆ
ಅಂತ ಅವನಿಗೆ ಹೇಳಲಿಲ್ಲ.
ಹಿಂದೆ ಸಾಲು ಉದ್ದವಿತ್ತು.

ಅವತ್ತೇ ಸಂಜೆ ಪಿಳ್ಳಮ್ಮನ ಜಗುಲಿಯಲ್ಲಿ
ಹನ್ನೊಂದು ಜನ ಕೂತೆವು.
ದೊಡ್ಡ ಮಾತೇನೂ ಆಡಲಿಲ್ಲ.
ಬಿಸ್ಕತ್ತಿನ ತಗಡು ಡಬ್ಬ, ಅದಕ್ಕೆ ಮೂರು ಬೀಗ,
ಮೂರು ಬೀಗದ ಕೈ ಮೂರು ಕೊರಳಲ್ಲಿ:
ಒಂದು ತಾಳಿಸರದಲ್ಲಿ, ಒಂದು ತಾಯತದ ಜೊತೆ,
ಇನ್ನೊಂದು, ಮುನಿತಾಯಮ್ಮನದು, ಬರೀ ದಾರದಲ್ಲಿ.
ವಾರಕ್ಕೆ ಐವತ್ತು. ತಡವಾದರೆ ಐದು ದಂಡ.
ಪುಸ್ತಕ ನನ್ನ ಪಾಲಿಗೆ ಬಂತು.
ಏಳನೇ ಕ್ಲಾಸು ಅಂದರೆ ನಮ್ಮಲ್ಲಿ ವಕೀಲಿ.

ಯಾಕೆ ಸೇರಿದಿರಿ ಅಂತ ಈಗ ಕೇಳುತ್ತಾರೆ.
ಅಶ್ವತ್ಥಮ್ಮ ಅಕ್ಕಿಯೊಳಗೆ ಹೂತ ನೋಟು
ಗಂಡನ ಮೂಗಿಗೆ ವಾಸನೆ ಹೊಡೆಯುತ್ತಿತ್ತು.
ಶಮೀಮುನ್ನಿಸಾ ರೀಲರ್ ಹತ್ತಿರ ಮುಂಗಡ ತಗೊಂಡು
ಒಂಬತ್ತು ವರ್ಷ ಅದೇ ಬಾಣಲೆಯ ಮುಂದೆ,
ತೀರಿತೇ ಅಂತ ಕೇಳಿದರೆ, ಇನ್ನೂ ಸ್ವಲ್ಪ, ಅನ್ನುತ್ತಿದ್ದ.
ನನಗೆ?
ಸೋಮವಾರ ಸಂಜೆ ಮನೆಯಿಂದ ಹೊರಡಲು
ಏನಾದರೂ ಒಂದು ಹೆಸರು ಬೇಕಿತ್ತು.

ತರಬೇತಿಗೆ ಬಂದ ಮೇಡಂ ಹೇಳಿದರು,
ಎಂಟು ಎಳೆ ಸೇರಿ ಒಂದು ನೂಲು, ಹಾಗೇ ನೀವು.
ನಮಗೆ ನಗು ತಡೆಯಲಾಗಲಿಲ್ಲ.
ಎಳೆ ಹರಿಯುತ್ತೆ ಮೇಡಂ,
ದಿನಕ್ಕೆ ಲೆಕ್ಕವಿಲ್ಲದಷ್ಟು ಸಲ.
ಹರಿದ ಕಡೆ ಇನ್ನೊಂದು ಗೂಡಿನ ತುದಿ ಎಸೀತೀವಿ,
ಚಕ್ರ ನಿಲ್ಲಿಸದೆ. ಅಷ್ಟೇ ಕೆಲಸ.
ಅವರು ಅದನ್ನೇ ಬರೆದುಕೊಂಡರು.

ಪುಸ್ತಕದಲ್ಲಿ ಕೊನೆಯ ಕಾಲಂ, ಸಾಲದ ಕಾರಣ.
ಮಗನ ಫೀಜು. ಆಸ್ಪತ್ರೆ. ಮಿಕ್ಸಿ. ಆಸ್ಪತ್ರೆ.
ಹುಡುಗಿ ದೊಡ್ಡವಳಾದಳು, ಆರತಿ.
ಸೂರಿಗೆ ತಗಡು. ಆಸ್ಪತ್ರೆ.

ಮೂರು ಸಾವಿರ, ಅಂದಳು ಖಾತೂನ್‌ಬಿ ಒಂದು ಸೋಮವಾರ.
ಕಾರಣ? ಅಂದೆ, ಪೆನ್ನೆತ್ತಿ.
ಅವಳು ಸೆರಗಿನ ತುದಿ ನೋಡಿಕೊಂಡಳು.
ಎಲ್ಲರ ಮೈಯಲ್ಲೂ ಬೆಂದ ಹುಳದ ವಾಸನೆ,
ಯಾರಿಗೂ ಯಾರೂ ಮೂಗು ಮುಚ್ಚದ ಜಾಗ ಅದೊಂದೇ,
ಅಲ್ಲೂ ಅವಳು ಬಾಯಿ ಬಿಡಲಿಲ್ಲ.

ನಿಯಮ ಐತೆ, ಅಂದಳು ಅಶ್ವತ್ಥಮ್ಮ.
ಐತೆ, ಅಂದಳು ಪಿಳ್ಳಮ್ಮ. ನಾವೇ ಮಾಡಿದ್ದು.
ರೀಲರು ಕೇಳ್ತಾನೆ ಯಾಕೆ ಅಂತ,
ಗಂಡ ಕೇಳ್ತಾನೆ, ಅತ್ತೆ ಕೇಳ್ತಾಳೆ.
ಇಲ್ಲೂ ಕೇಳೋದಾದ್ರೆ ಈ ಡಬ್ಬ ಯಾತಕ್ಕೆ?
ಬರಿ, ‘ಬೇಕು’ ಅಂತ.

ಬರೆದೆ.
ಎರಡೇ ಅಕ್ಷರ. ಕಾಲಂ ತುಂಬ ಅಗಲವಿತ್ತು.

ತಂಗಿಗೆ ಕೊಟ್ಟಳೋ, ಮುರುಗಮಲ್ಲಕ್ಕೆ ಹೋಗಿಬಂದಳೋ,
ಸುಮ್ಮನೆ ಒಂದು ರಾತ್ರಿ ದಿಂಬಿನಡಿ ಇಟ್ಟು
ಇದು ನಂದು ಅಂತ ಮಲಗಿದಳೋ,
ಹದಿನೈದು ಕಂತು, ಒಂದೂ ತಪ್ಪಲಿಲ್ಲ.
ನಾವು ಇವತ್ತಿಗೂ ಕೇಳಿಲ್ಲ.
(ಸುಳ್ಳು. ನಾನೊಮ್ಮೆ ಕೇಳಿದೆ. ನಕ್ಕಳು.)

ವರ್ಷದ ಕೊನೆಗೆ ಲೆಕ್ಕ ನೋಡಲು ಬಂದ ಸಾಹೇಬರು
ಅಲ್ಲೇ ಬೆರಳಿಟ್ಟು ನಿಂತರು: ಇದೇನಮ್ಮ, ಬೇಕು?
ಹಸಿರು ಇಂಕಿನಲ್ಲಿ ಹೊಡೆದುಹಾಕಿ
‘ಇತರೆ’ ಅಂತ ತಿದ್ದಿದರು.
ಪಕ್ಕದಲ್ಲಿ ಖಾತೂನ್‌ಬಿಯ ಹೆಬ್ಬೆಟ್ಟು,
ನೇರಳೆ ಬಣ್ಣದ ನುಣ್ಣನೆ ಬೊಟ್ಟು, ಒಂದೂ ಗೆರೆಯಿಲ್ಲ.
ಇದು ಯಾರದಾದರೂ ಆಗಬಹುದಲ್ಲ, ಅಂದರು.
ಹನ್ನೊಂದು ಜನವೂ ಒಟ್ಟಿಗೆ ಹೇಳಿದೆವು ಯಾರದೆಂದು.

ಮರುವಾರ ಪಿಳ್ಳಮ್ಮನಿಗೆ ಐದು ರೂಪಾಯಿ ದಂಡ ಬಿತ್ತು,
ತನ್ನದೇ ಜಗುಲಿಗೆ ತಡವಾಗಿ ಬಂದದ್ದಕ್ಕೆ.
ಬೈದುಕೊಂಡೇ ಕಟ್ಟಿದಳು.