ಮಹಿಳೆಯರಿಗೆ

ಆರೂಕಾಲರ ಬಸ್ಸು. ಇವತ್ತು ನನಗೆ ರಜೆ.
ಹೆಗಲಲ್ಲಿ ಚೀಲವಿಲ್ಲ, ಟಿಕೆಟ್ ಯಂತ್ರವಿಲ್ಲ,
ಆದರೂ ಸಾಗರ ಬಿಟ್ಟಾಗಿನಿಂದ ಈ ಕೈ
ಸೊಂಟದ ಹತ್ತಿರ ಚಿಲ್ಲರೆ ಹುಡುಕುತ್ತಿದೆ.
ಪಕ್ಕದಲ್ಲಿ ಹೂವಮ್ಮ,
ಇನ್ನೂರು ಮಕ್ಕಳ ಬಿಸಿಯೂಟದ ಸಾರಿಗೆ
ಕಣ್ಣಳತೆಯಲ್ಲೇ ಉಪ್ಪು ಹಾಕುವವಳು.
ಮಡಿಲಲ್ಲಿ ಪ್ಲಾಸ್ಟಿಕ್ ಕವರು, ಅದರೊಳಗೆ
ಆಧಾರ್ ಕಾರ್ಡು, ಹಳೇ ಚೀಟಿ,
ಮತ್ತೆ, ಯಾರಿಗೂ ಕಾಣದ ಹಾಗೆ, ಒಂದು ವಾಕ್ಯ.

ತಿಂಗಳಿಂದ ಅದನ್ನೇ ತಿದ್ದುತ್ತಿದ್ದೇವೆ.
‘ದಯವಿಟ್ಟು, ತಪ್ಪು ತಿಳೀಬೇಡಿ, ಆಗೋದಾದ್ರೆ...’
ಆನಂದಪುರದಲ್ಲಿ ‘ದಯವಿಟ್ಟು’ ಇಳಿದುಹೋಯಿತು.
ಚೋರಡಿ ಸೇತುವೆಯ ಮೇಲೆ ‘ಆಗೋದಾದ್ರೆ’ಯನ್ನು
ಕಿಟಕಿಯಿಂದ ಹೊಳೆಗೆ ಬಿಟ್ಟಳು.
ಕುಂಸಿ ದಾಟುವಾಗ ಉಳಿದದ್ದು ನಾಲ್ಕೇ ಪದ:
‘ನನ್ನ ಮುಟ್ಟೋರು ಹೆಂಗಸೇ ಆಗ್ಬೇಕು.’

‘ಎಂತಕ್ಕೆ ಅಂತ ಕೇಳಿದ್ರೆ?’
ಕಾರಣ ನನಗೂ ಪೂರ್ತಿ ಗೊತ್ತಿಲ್ಲ.
ಅವಳು ಹೇಳಿದ್ದಿಷ್ಟು: ಹನ್ನೆರಡು ವರ್ಷ,
ಕರೆಂಟು ಹೋದ ರಾತ್ರಿ,
ಮನೆಯವನೇ ಒಬ್ಬ, ಅವನ ಕೈಲಿ ಟಾರ್ಚು.
ಮುಂದಿನದನ್ನು ನಾನು ಕೇಳಲಿಲ್ಲ.
ಹನ್ನೊಂದು ವರ್ಷದ ಹೊಟ್ಟೆನೋವಿಗೆ
ಬಿಸಿನೀರಿನ ಬಾಟಲಿ, ದಾಸವಾಳದ ಮೊಗ್ಗು,
ಆಸ್ಪತ್ರೆ ಮಾತ್ರ ಬೇಡ.

ಕಿಟಕಿಯ ಮೇಲಿನ ಅಕ್ಷರ ತೋರಿಸಿದೆ.
ಇಪ್ಪತ್ತೆರಡು ವರ್ಷ ಇದನ್ನೇ ತೋರಿಸಿ
ಗಂಡಸರನ್ನು ಎಬ್ಬಿಸಿದ್ದೇನೆ.
ಬೈದವರಿದ್ದಾರೆ, ಗೊರಕೆ ನಟಿಸಿದವರಿದ್ದಾರೆ.
ಕೂರಲು ಬಂದವಳನ್ನು ಎಂತಕ್ಕೆ ಅಂತ ನಾನು ಕೇಳಿಲ್ಲ.
ಬಸುರಿಯಾ, ಕಾಲುನೋವಾ, ಸುಮ್ಮನೆ ಆಸೆಯಾ,
ಸೀಟು ಸೀಟೇ.

ಶಿವಮೊಗ್ಗ. ದೊಡ್ಡಾಸ್ಪತ್ರೆಯ ಸಾಲು.
ಸ್ಕ್ಯಾನಿಂಗ್ ಕೋಣೆಯಿಂದ ಹುಡುಗನೊಬ್ಬ ಕರೆದ,
ಒಳ್ಳೆಯವನೇ, ಕೆನ್ನೆಯಲ್ಲಿ ಇನ್ನೂ ಮೊಡವೆ.
ಅವನ ಹಿಂದೆ ಕೋಣೆ ಕತ್ತಲು.
ಹೂವಮ್ಮನ ಕೈಯ ಕವರು ಚರಚರ ಅನ್ನತೊಡಗಿತು.
ನಾಲ್ಕರಲ್ಲಿ ಒಂದು ಪದವೂ ಬರಲಿಲ್ಲ.

ನನ್ನ ಗಂಟಲಲ್ಲಿ ಸೀಟಿ ಎದ್ದು ನಿಂತಿತು.
ಆದರೆ ಮಾತಾಗಿತ್ತು ನಮ್ಮಲ್ಲಿ:
ಅವಳು ನನ್ನ ಕಿರುಬೆರಳು ಹಿಡಿದರೆ ಮಾತ್ರ ನಾನು ಬಾಯಿ ಬಿಡುವುದು.
ಅವಳ ಪರವಾಗಿ ಮಾತಾಡಿದವರು ಆಗಲೇ ಬೇಕಾದಷ್ಟು,
ಅವ್ವ, ಅಣ್ಣ, ಕಟ್ಟಿಕೊಂಡವನು,
ಎಲ್ಲರೂ ‘ಅವಳಿಗೆಂತ ಆಗಿಲ್ಲ’ ಅಂದವರೇ.
ಕಿರುಬೆರಳು ಕಾಯಿತು.
ಹಿಡಿಯಲಿಲ್ಲ.

‘ನೀನಲ್ಲ ತಮ್ಮಾ’ ಎಂದಳು.
ಇದು ನಾವು ತಿದ್ದಿದ ವಾಕ್ಯವೇ ಅಲ್ಲ.
‘ನಿಂಗೆ ಬೇಜಾರಾಗ್ಬಾರ್ದು. ಆದ್ರೆ ನೀನಲ್ಲ. ಹೆಂಗಸು ಯಾರಾದ್ರೂ.’
‘ಎಂತಕ್ಕಮ್ಮಾ?’
‘ಹೇಳಲ್ಲ. ಕಾಯ್ತೀನಿ.’

‘ಅದೆಲ್ಲ ಇಲ್ಲಿ ನಡೆಯಲ್ಲ’ ಎಂದು
ರಿಜಿಸ್ಟರಿನಿಂದ ತಲೆ ಎತ್ತದೆ ಹೇಳಿದವಳು, ಹೆಂಗಸೇ.
ಹುಡುಗ ಬಾಗಿಲು ಹಿಡಿದು ಒಂದು ಗಳಿಗೆ ನಿಂತ.
ಆಮೇಲೆ ಚೀಟಿಯ ಮೂಲೆಯಲ್ಲಿ ಪೆನ್ಸಿಲಿನಿಂದ ಬರೆದ:
ಎರಡೂವರೆ, ನುಸ್ರತ್ ಮೇಡಂ.

ನಾಲ್ಕು ತಾಸು ಬೆಂಚು. ಕ್ಯಾಂಟೀನಿನ ಚಿತ್ರಾನ್ನ.
ಉಪ್ಪು ಕಮ್ಮಿ ಎಂದಳು. ಪೂರ್ತಿ ತಿಂದಳು.

ಒಳಗೆ ನಡೆದದ್ದು ಅವಳದು.
ಹೊರಗೆ ಬಂದು ಸೆರಗು ಸರಿಮಾಡಿಕೊಳ್ಳುತ್ತ ಇಷ್ಟು ಕೊಟ್ಟಳು:
‘ಲೈಟ್ ಹಾಕಿ ಅಂದೆ. ಹಾಕಿದ್ರು.
ಪರದೆ ಸರಿಯಾಗಿ ಕಾಣಲ್ಲ ಅಂತ ಕಣ್ಣು ಕಿರಿದು ಮಾಡ್ಕೊಂಡು
ಹಾಗೇ ನೋಡಿದ್ರು, ಪಾಪ.’

ಗಡ್ಡೆ ಇದೆಯಂತೆ. ತೆಗೆಯಬೇಕಂತೆ.

ವಾಪಸು ಬಸ್ಸಿನಲ್ಲಿ ಎಂಟೂ ಸೀಟು ತುಂಬಿದ್ದವು,
ಎಲ್ಲ ಹೆಂಗಸರೇ. ಯಾರನ್ನು ಎಬ್ಬಿಸಲಿ?
ಕಂಬಿ ಹಿಡಿದು ನಿಂತೆವು.
ಆಯನೂರು ಕಳೆದ ಮೇಲೆ ಅವಳೇ ಶುರು ಮಾಡಿದಳು:
‘ಮಂಪರು ಕೊಟ್ಟಮೇಲೆ ಬಾಯಿ ಇರಲ್ಲ.
ಮೊದಲೇ ಹೇಳಿ ಬರೆಸ್ಬೇಕು, ಒಳಗೆ ಯಾರ್ಯಾರು ಇರಬೇಕು ಅಂತ.
ಇನ್ನೊಂದು ವಾಕ್ಯ ಬೇಕು ಮಾರಾಯ್ತಿ.’

ಬಸ್ಸು ತಿರುವಿನಲ್ಲಿ ವಾಲಿತು. ನನ್ನ ಮೇಲೆ ಒರಗಿ,
ನೆಟ್ಟಗಾಗಿ, ಕೇಳಿದಳು:
‘ದಯವಿಟ್ಟು ಬೇಡ, ಅಲ್ದಾ?’