ಡೊಂಕಿನ ಲೆಕ್ಕ

ಕಲಬುರಗಿಯ ಗಂಜಿನಲ್ಲಿ, ಬೇಳೆ ಗಿರಣಿಯ ಹಿಂದಿನ ಓಣಿಯಲ್ಲಿ
ಪತ್ರಾಸ್ ಹೊದಿಸಿದ ಒಂದು ಕೋಣೆ. ಅಲ್ಲಿ ನನ್ನ ಕೆಲಸ
ಎಣ್ಣೆಯೊಳಗಿನ ಡೊಂಕು ಎಣಿಸುವುದು.

ನಗಬೇಡಿ. ಸಂಬಳ ಕೊಡುತ್ತಾರೆ.
ಕುಸುಬಿ ಎಣ್ಣೆಯ ಸೀಸೆ ಬರುತ್ತದೆ, ಕೊರಳಿಗೆ ಚೀಟಿ ಕಟ್ಟಿಕೊಂಡು.
ನಾಲ್ಕು ಹನಿ ತೂಗಿ, ಅಯೋಡಿನ್ ಸುರಿದು,
ಕಪಾಟಿನ ಕತ್ತಲಲ್ಲಿ ಒಂದು ತಾಸು ಇಡುತ್ತೇನೆ.
ಸರಪಳಿ ಎಲ್ಲೆಲ್ಲಿ ಬಾಗಿದೆಯೋ ಅಲ್ಲಲ್ಲಿ
ಅಯೋಡಿನ್ ಹೋಗಿ ಕೂಡುತ್ತದೆ.
ಉಳಿದದ್ದನ್ನು ಹನಿಹನಿಯಾಗಿ ಅಳೆದು ಕಳೆಯುತ್ತೇನೆ,
ಗಂಜಿಯ ನೀಲಿ ಒಮ್ಮೆಲೇ ಮಾಯವಾಗುವ ತನಕ.
ಆ ಕೊನೆಯ ಹನಿಗೆ ಇಂದಿಗೂ ಉಸಿರು ಹಿಡಿಯುತ್ತೇನೆ,
ಹನ್ನೊಂದು ವರ್ಷವಾಯಿತು.

ನೂರಾ ನಲವತ್ತರ ಸುತ್ತ ನಿಂತರೆ ಅಪ್ಪಟ ಕುಸುಬಿ.
ಇವತ್ತು ಬಂದದ್ದು ನೂರಾ ಹದಿನೆಂಟು.
ಪಾಮೋಲಿನ್ ಬೆರೆಸಿದ್ದಾರೆ. ನೆಟ್ಟಗಿನವರು ಜಾಸ್ತಿಯಾಗಿದ್ದಾರೆ.

ಹದಿನೆಂಟು ಇಂಗಾಲದ ಸರಪಳಿ. ಎಲ್ಲೂ ಬಾಗದಿದ್ದರೆ
ಜೋಳದ ದಂಟಿನ ಸಿವುಡಿನ ಹಾಗೆ ಒತ್ತೊತ್ತಾಗಿ ಬಿಗಿದು
ನಮ್ಮೂರ ಮೇ ತಿಂಗಳಲ್ಲೂ ಗಟ್ಟಿ.
ಎರಡೇ ಎರಡು ಡೊಂಕು, ಒಂಬತ್ತರ ಬಳಿ, ಹನ್ನೆರಡರ ಬಳಿ,
ಪುಷ್ಯದ ನಸುಕಿನಲ್ಲೂ ಹರಿಯುತ್ತದೆ.
ವನಸ್ಪತಿ ಮಾಡುವವರು ಹೈಡ್ರೋಜನ್ ಊದಿ ಊದಿ ಡೊಂಕು ತಿದ್ದುತ್ತಾರೆ.
ತಿದ್ದಿದ್ದು ಚಮಚದಿಂದ ಬೀಳುವುದಿಲ್ಲ.

ಸುಗಲಾಬಾಯಿ ಅತ್ತಿಯ ಎಡಗಾಲು ಮಡಿಚಿಯೇ ಇತ್ತು,
ಆರನೇ ವಯಸ್ಸಿನ ಒಂದು ಜ್ವರದಿಂದ.
ಬ್ರಹ್ಮಪುರದ ಮನೆಯ ತಣ್ಣನೆ ಫರಸಿಯ ಮೇಲೆ
ಚಳಿಗಾಲದಲ್ಲಿ ನಾವು ಎರಡು ಸಾಲು ಮಲಗುತ್ತಿದ್ದೆವು:
ತಲೆ ಹೊರಗೆ, ಕಾಲು ಒಳಗೆ, ನಡುವೆ ಒಂದೇ ದೊಡ್ಡ ಕೌದಿ.
ಅತ್ತಿಯ ಮೊಣಕಾಲು ಅದನ್ನು ಗುಡಾರದಂತೆ ಎತ್ತಿ ಹಿಡಿಯುತ್ತಿತ್ತು.
"ಈಕಿ ಒಬ್ಬಾಕಿಗಿ ಮೂರು ಮಂದಿ ಜಾಗ ಬೇಕು ನೋಡ್ರಿ,"
ಅವ್ವ ಗೊಣಗುತ್ತಿದ್ದಳು.
ಗುಡಾರದೊಳಗೆ ನಾನು, ತಮ್ಮ ರೇವಣ್ಯಾ, ಒಂದು ಬಸುರಿ ಬೆಕ್ಕು,
ರಾತ್ರಿಯಿಡೀ ಮಗ್ಗಲು ಬದಲಿಸುತ್ತಾ ಬೆಚ್ಚಗೆ.

ಡಿಗ್ರಿಯ ಎರಡನೇ ವರ್ಷ, ಜೀವಕೋಶದ ಪೊರೆಯ ಚಿತ್ರ ಬರೆಯುವಾಗ
ಪೆನ್ಸಿಲ್ ತಾನಾಗಿ ನಿಂತಿತು.
ಎರಡು ಸಾಲು. ನೀರಿನ ಕಡೆ ತಲೆ, ಒಳಗೆ ಕಾಲು.
ನಡುನಡುವೆ ಮೊಣಕಾಲು ಮಡಿಚಿದ ಯಾರೋ.
ಅವರಿಂದಲೇ ಗೋಡೆಗೆ ಸಡಿಲ,
ಅವರಿಂದಲೇ ಬಾಗಿಲುಗಳು ಅತ್ತಿತ್ತ ತೇಲುವಷ್ಟು ಎಡೆ.
ಕಣ್ಣು, ಮಿದುಳು, ಹಾಲೂಡುವ ಮೊಲೆ,
ಮೈಯೆಲ್ಲ ಈ ಕೌದಿ ಹೊದ್ದೇ ಬದುಕಿದೆ.

ಆ ಎರಡನೇ ಡೊಂಕನ್ನು ಮೈ ತಾನೇ ಬಗ್ಗಿಸಲಾರದು.
ಮುಳ್ಳಿನ ಕುಸುಬಿ ಗಿಡದಿಂದ ಕಡ ತರಬೇಕು,
ಹಿಂಡಿ ರೊಟ್ಟಿಯ ಮೇಲಿಂದ, ದಿನಾ.

ಇನ್ನೊಂದಿದೆ, ಅತ್ತಿಗೆ ಹೇಳಲಾಗದೆ ಉಳಿದದ್ದು.
ಮೊಣಕಾಲು ಕುದಿಯುವ ರಾತ್ರಿ
ನೋವಿನ ಸುದ್ದಿಗೆ ಬೇಕಾದ ಚೀಟಿಯನ್ನೂ
ಅದೇ ಪೊರೆಯಿಂದ ಹರಿದುಕೊಳ್ಳುತ್ತದೆ ಮೈ:
ಕುಸುಬಿಯ ಸರಪಳಿಯೇ, ಎರಡು ಇಂಗಾಲ ಬೆಳೆದು,
ಡೊಂಕು ನಾಲ್ಕಾಗಿ.
ನೋವೂ ಎಣ್ಣೆಯ ಮಗಳೇ. ಅದರ ಮೇಲೆ ಆಕೆ
ಬೆಳ್ಳುಳ್ಳಿ ಎಸಳು ಹಾಕಿ ಕಾಸಿದ ಎಣ್ಣೆಯನ್ನೇ ಸವರುತ್ತಿದ್ದಳು,
ಮಗುವನ್ನು ಮಲಗಿಸುವ ಹಾಗೆ.

ಆಕೆ ಹೋದದ್ದು ಎಳ್ಳಮಾಸಿಯ ಹಿಂದಿನ ವಾರ.
ಅಂದು ರಾತ್ರಿ ಕೌದಿ ಸಪಾಟಾಗಿ ಬಿತ್ತು.
ಎಲ್ಲರ ಕಾಲೂ ನೆಟ್ಟಗೆ, ಜಾಗ ಬೇಕಾದಷ್ಟು,
ಆದರೂ ಯಾರೂ ಹೊರಳಲಿಲ್ಲ.

ಸಂಜೆ ಸೀಸೆಯವನ ಮನುಷ್ಯ ಬಂದ, ಪೇಢೆ ಪೊಟ್ಟಣ ಹಿಡಿದು.
"ಅಕ್ಕಾರ, ಒಂದಿಪ್ಪತ್ತು ಹೆಚ್ಚು ಬರದ್ರ
ಯಾರಪ್ಪನ ಗಂಟು ಹೋಗ್ತದ?"

ನೂರಾ ಹದಿನೆಂಟೇ ಬರೆದೆ.
ಇಲ್ಲದ ಮೊಣಕಾಲನ್ನು ಇದೆಯೆಂದು ಎಣಿಸಲಾರೆ.
ಬೆರಳಿಗೆ ಎಣ್ಣೆ ಹತ್ತಿತ್ತು.
ಸಹಿ ಕೊಂಚ ಜಾರಿತು, ಬಾಗಿತು.