ಮಂಡೇಗೆ ಏಳು ಪದ

ಸಂಜೆ ಐದಕ್ಕೆ, ಭದ್ರಾವತಿಯ ಪೇಪರ್ ಟೌನಿನ ಈ ಕ್ವಾರ್ಟರ್ಸಿನಲ್ಲಿ
ಫ್ಯಾನು ನಿಲ್ಲಿಸಿ, ಕಿವಿಗೆ ಇಯರ್‌ಫೋನು ಸಿಕ್ಕಿಸಿ,
ಕುಕ್ಕರಿಗೆ ಕೂಗಬೇಡವೆಂದು ಹೇಳಿ ಕೂರುತ್ತೇನೆ.
ಅಲ್ಲಿ, ಚೀನಾದಲ್ಲಿ, ಆಗಲೇ ಏಳೂವರೆ.
ಶಾಲೆಯ ನೀಲಿ ಜಾಕೆಟ್ಟನ್ನೂ ಬಿಚ್ಚದೆ
ಪರದೆಯೊಳಗೆ ಬಂದು ಕೂರುತ್ತಾಳೆ ಹದಿನಾಲ್ಕರ ಹುಡುಗಿ.
ಇಂಗ್ಲಿಷಿಗೆಂದು ತಾನೇ ಇಟ್ಟುಕೊಂಡ ಹೆಸರು: ಮಂಡೇ.
ಯಾಕೆ ಸೋಮವಾರ? ಅಂದರೆ,
ಯಾರೂ ಇಟ್ಟುಕೊಂಡಿರಲಿಲ್ಲ ಮಿಸ್, ಖಾಲಿ ಇತ್ತು.

ನಮ್ಮಲ್ಲಿ ಮಂಡೆಯೆಂದರೆ ತಲೆ ಕಣೇ, ಅಂದೆ.
ಎರಡೂ ಕೈ ನೆತ್ತಿಯ ಮೇಲಿಟ್ಟು ಮುಟ್ಟಿಕೊಂಡಳು,
ಇದೆಯೋ ಇಲ್ಲವೋ ಎಂಬಂತೆ.
ನನ್ನ ಫಿಲೋಮಿನಾ ಅವಳ ಬಾಯಲ್ಲಿ ಎಲ್ಲೋ ಎಡವಿ
ಫಿಲೋ ಮಾತ್ರ ಉಳಿದಿದೆ.
ಅವಳ ನಿಜದ ಹೆಸರನ್ನು ನಾನೂ
ನಾಲ್ಕು ಸಲ ಕೊಂದು ಕೈಬಿಟ್ಟವಳು. ಲೆಕ್ಕ ಚುಕ್ತಾ.

ದಿನಕ್ಕೊಂದು ಪುಟ, ಏಳು ಹೊಸ ಪದ.
ಥಿಂಕ್ ಅನ್ನಲು ಹೋಗಿ ಸಿಂಕ್ ಅನ್ನುತ್ತಾಳೆ,
ಯೋಚಿಸಬೇಕಾದಲ್ಲೆಲ್ಲ ಮುಳುಗುತ್ತಾಳೆ.
ನಾನು ವೆಟ್ ಅಂದರೆ ಒದ್ದೆಯೋ ದನದ ಡಾಕ್ಟರೋ
ಅವಳಿಗೆ ತಿಳಿಯದು.
ಇಬ್ಬರೂ ಬಾಡಿಗೆ ಸೈಕಲ್ಲಿನ ಮೇಲೆ ಡಬಲ್ ರೈಡು,
ಬ್ರೇಕು ಯಾರ ಕೈಲಿದೆಯೋ.

ನಿನ್ನೆಯ ಪುಟದಲ್ಲಿ ಯಾವುದೋ ದೇಶದ ಒಂದು ಕಾಗದದ ಗಿರಣಿ.
ಕಾಗದ ಕಂಡುಹಿಡಿದದ್ದು ನಾವೇ, ಅಂದಳು ಜಂಬದಲ್ಲಿ.
ಇರಬಹುದು, ಅಂದೆ.
ಅದರ ವಾಸನೆ ಕುಡಿದು ಬೆಳೆದವಳು ನಾನು ಎಂಬುದನ್ನು
ಇಂಗ್ಲಿಷಿಗೆ ತರಲಿಲ್ಲ.

ಐದನೇ ಸಾಲು: ಯಂತ್ರಗಳೂ ಐಡಲ್, ಮನುಷ್ಯರೂ ಐಡಲ್.
ಐಡಲ್ ಎಂದರೇನು?
ಎ, ಸೋಮಾರಿ. ಬಿ, ಕೆಲಸವಿಲ್ಲದೆ ನಿಂತ.
ಸಿ, ದೇವರ ಬೊಂಬೆ. ಡಿ, ಯಾವುದೂ ಅಲ್ಲ.
ಎ! ಅಂದಳು ಮಂಡೇ, ಥಟ್ಟನೆ.

ತಪ್ಪು, ಅಂದ ನನ್ನ ದನಿ ನನಗೇ ಜೋರಾಗಿ ಕೇಳಿತು.
ಹಿಂದಿನ ಕೋಣೆಯಲ್ಲಿ ಅಪ್ಪ ಮಗ್ಗುಲಾದರು.
ಪಲ್ಪ್ ವಿಭಾಗದ ಅಪ್ಪ;
ಗೇಟಿಗೆ ಬೀಗ ಬಿದ್ದ ಮೇಲೂ ಮೂರು ತಿಂಗಳು
ಬೆಳಗಿನ ಪಾಳಿಗೆ ಎದ್ದು, ಗಡ್ಡ ಹೆರೆದು,
ಖಾಲಿ ಟಿಫನ್ ಡಬ್ಬಿ ತೊಳೆದು ಬೋರಲು ಹಾಕಿ
ಮೆಟ್ಟಿಲ ಮೇಲೆ ಕೂತ ಅಪ್ಪ.
ಸಾಲುಮನೆಯವರು ಅವರಿಗೆ ಎ ಅಂದಿದ್ದರು.
ಒಮ್ಮೆ, ಶಿವಮೊಗ್ಗದ ಬಸ್ಸಿಗೆ ದುಡ್ಡು ಕೇಳಿದಾಗ,
ನಾನೂ.

ಇದನ್ನು ಹೇಗೆ ಕಲಿಸುವುದು?
ನಮ್ಮಲ್ಲಿ ಸುಮ್ಮನೆ ಅಂತ ಒಂದು ಪದವಿದೆ, ಅಂದೆ.
ಸುಮ್ಮನೆ ಬಂದೆ, ಸುಮ್ಮನೆ ನಕ್ಕೆ,
ಸುಮ್ಮಸುಮ್ಮನೆ ಬೈದರು, ಸುಮ್ಮನಿರು ಸಾಕು…
ಆ ನೋಟಿಗೆ ಇಂಗ್ಲಿಷಿನಲ್ಲಿ ಚಿಲ್ಲರೆ ಸಿಗಲಿಲ್ಲ.

ಮಂಡೇ ಪೆನ್ಸಿಲ್ ಹುಡುಕಿ ಏನೋ ಗೀಚಿ
ಹಾಳೆಯನ್ನು ಕ್ಯಾಮೆರಾಕ್ಕೆ ಹಿಡಿದಳು:
ನಮ್ಮ ಐಡಲ್ ಹೀಗಿರುತ್ತೆ ಮಿಸ್. ಇದು ಬಾಗಿಲು.
ಬಾಗಿಲೊಳಗೆ ನಿಂತಿರೋದು ಮರ.
ಐ ಸಿಂಕ್, ಅಂದಳು,
ಮರ ಏನೂ ಮಾಡ್ತಿಲ್ಲ ಅಂತ ಹೊರಗಿನವರಿಗೆ ಅನಿಸುತ್ತೆ.
ಸ್ವಲ್ಪ ತಡೆದು: ನನ್ನಪ್ಪನೂ ಈಗ ಮನೇಲೇ ಇರ್ತಾರೆ.

ಉಚ್ಚಾರ ತಿದ್ದಲಿಲ್ಲ ನಾನು.

ನಲವತ್ತೈದು ನಿಮಿಷ ಮುಗಿದು ಪರದೆ ಕಪ್ಪಾಯಿತು.
ಅವಳಮ್ಮ ಕೊಟ್ಟ ನಕ್ಷತ್ರ ಮೂರು, ಜೊತೆಗೊಂದು ಷರಾ:
ಏಳು ಪದದಲ್ಲಿ ಒಂದೇ ಆಯಿತು. ಮಾತು ಜಾಸ್ತಿ.

ಹಾಲಿಗೆಂದು ಹೊರಟವಳು
ಕಾರ್ಖಾನೆಯ ದೊಡ್ಡ ಗೇಟಿನ ಮುಂದೆ ನಿಂತೆ.
ತುಕ್ಕು ಸರಳುಗಳ ಆಚೆ, ಟೈಮ್ ಆಫೀಸಿನ ಗೋಡೆ ಸೀಳಿ
ಎರಡಾಳೆತ್ತರ ಬೆಳೆದಿದೆ ಒಂದು ಅತ್ತಿ.
ಇಷ್ಟು ವರ್ಷ ಅದನ್ನು ಗೋಡೆಯ ಹಾಳು ಎಂದುಕೊಂಡಿದ್ದೆ.
ಯಾರು ಬೇಕಿತ್ತಕ್ಕಾ? ವಾಚ್‌ಮನ್ ರುದ್ರೋಜಿ ಕೇಳಿದ.
ಸುಮ್ಮನೆ, ಅಂದೆ.

ಹಾಲು ಮರೆತೇ ಬಂದೆ.
ಅಪ್ಪ ಏನೂ ಕೇಳದೆ ಎರಡು ಲೋಟ ಕರಿ ಟೀ ಕಾಸಿದರು.